ಚಿತ್ರದೊಳಗಿನ ಹಿತ್ತಾಳೆ ಉಂಗುರ

೧೯೬೧ರ ಅಕ್ಟೋಬರ್ ೩, ಮಂಗಳವಾರ ಬೆಳಿಗ್ಗೆ, ಹಾರ್ಲನ್ ಬೀಚ್ ಪುರಭವನದ ಮೇಲ್ವಿಚಾರಕಿ ಅಡಿಲೇಡ್ ವೂರ್ಹಿಸ್ ಠಾಣೆಗೆ ಬಂದು ಲಿಖಿತ ದೂರು ಸಲ್ಲಿಸಿದರು. ಭವನದ ಗೋಡೆಯ ಮೇಲಿದ್ದ 'ಹಾರ್ಲನ್ ಬೀಚಿನ ಭಾನುವಾರ' ಎಂಬ ತೈಲಚಿತ್ರಕ್ಕೆ ಯಾರೋ ಬಣ್ಣ ಬಳಿದು ಹಾನಿ ಮಾಡಿದ್ದರು.

ಹನ್ನೆರಡು ವರ್ಷಗಳ ಹಿಂದೆ ಬೇಸಿಗೆ ಕಳೆಯಲು ಬಂದ ಕಲಾವಿದನೊಬ್ಬ ಬರೆದ ಚಿತ್ರವದು. ಅದರಲ್ಲಿದ್ದ ಕಡಲತೀರದ ಮನರಂಜನಾ ಉದ್ಯಾನವನ್ನು ಕೆಡವಿ, ಆ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಿದ್ದರು. ಚಿತ್ರವನ್ನೂ ನಗರದ ವಸ್ತುಸಂಗ್ರಹಾಲಯಕ್ಕೆ ಮಾರಿಯಾಗಿತ್ತು. ಗುರುವಾರ ಲಾರಿ ಬರುವುದಿತ್ತು.

ತನಿಖೆ ಡಿಟೆಕ್ಟಿವ್ ಸಾರ್ಜೆಂಟ್ ಲಿಯೋ ಕ್ಯಾಸ್ಪ್ರಜಾಕ್‌ಗೆ ಬಂತು. ಜೊತೆಗೆ ಕಾನ್‌ಸ್ಟೆಬಲ್ ಟೆಡೆಸ್ಕೊ. ಇಬ್ಬರೂ ವೂರ್ಹಿಸ್ ಜೊತೆ ಭವನಕ್ಕೆ ಹೋಗಿ ಮಹಜರು ಆರಂಭಿಸಿದರು. ಚಿತ್ರದಲ್ಲಿ, ಮರದ ಕುದುರೆಗಳು ಸುತ್ತುವ ತಿರುಗಣಿಯ ಹೊರಸಾಲಿನಲ್ಲಿ ಒಬ್ಬ ಹುಡುಗಿ ಕೈ ಚಾಚಿದ್ದಳು. ಆ ಕೈಯ ಮೇಲೆ ಹೊಸ ಹಳದಿ ಬಣ್ಣ.

"ಪೋಲಿ ಹುಡುಗರ ಕೆಲಸ ಸಾರ್," ಎಂದ ಟೆಡೆಸ್ಕೊ.

"ಪೋಲಿಗಳು ಮೀಸೆ ಬರೀತಾರೆ ಕಣಯ್ಯಾ. ಇದನ್ನ ನೋಡು."

ಭೂತಗನ್ನಡಿಯಲ್ಲಿ ಅದು ಉಂಗುರವಾಗಿ ಕಂಡಿತು. ತಿರುಗಣಿಯ ಪಕ್ಕದಲ್ಲಿ ಮರದ ತೋಳೊಂದು ಇರುತ್ತಿತ್ತು. ಹಾದುಹೋಗುವ ಸವಾರರು ಅದರ ತುದಿಯಿಂದ ಉಂಗುರ ಕಿತ್ತುಕೊಳ್ಳಬೇಕು. ಎಲ್ಲವೂ ಕಬ್ಬಿಣದವು, ಒಂದು ಮಾತ್ರ ಹಿತ್ತಾಳೆಯದು. ಅದು ಸಿಕ್ಕವರು ಉಂಗುರವನ್ನು ಹಿಂದಿರುಗಿಸಿ ಇನ್ನೊಂದು ಸುತ್ತು ಬಿಟ್ಟಿಯಾಗಿ ಸುತ್ತಬಹುದಿತ್ತು. ಚಿತ್ರದಲ್ಲಿ ಬಳಿದ ಹಿತ್ತಾಳೆ ಉಂಗುರದ ಅಂಚಿನಲ್ಲಿ ಸಾಸಿವೆಯಷ್ಟು ಕಪ್ಪು ಕಚ್ಚು ಇತ್ತು.

ಕ್ಯಾಸ್ಪ್ರಜಾಕ್ ಭೂತಗನ್ನಡಿಯನ್ನು ಕೆಳಗಿಳಿಸಿದ. "ಚಿಕ್ಕಂದಿನಲ್ಲಿ ಒಮ್ಮೆ ನನಗೆ ಅದು ಸಿಕ್ಕಿತ್ತು," ಎಂದ. "ಕಚ್ಚು ಬೆರಳಿಗೆ ತಾಕ್ತಿತ್ತು. ತೋಳಿಗೆ ಉಂಗುರ ತುಂಬೋರು ನೋಡದೇನೇ ಗುರುತು ಹಿಡೀಲಿ ಅಂತ ಅರದಿಂದ ಉಜ್ಜಿದ್ರು. ಮಿಸೆಸ್ ವೂರ್ಹಿಸ್, ಚಿತ್ರದ ಹತ್ರ ಯಾರು ಬಂದಿದ್ರು?"

"ಸಾಗಿಸೋ ಪೆಟ್ಟಿಗೆಗೆ ಅಳತೆ ತಗೊಳ್ಳೋಕೆ ಬಡಗಿ ಲಿಂಡ್‌ಕ್ವಿಸ್ಟ್ ಬಂದಿದ್ರು, ಅಷ್ಟೇ. ಅವರ ಮೇಲೆ ಅನುಮಾನ ಪಡೋದಾ? ಛೆ!"

"ಉಂಗುರ ತುಂಬ್ತಿದ್ದೋರು ಅವರೇ," ಎಂದ ಕ್ಯಾಸ್ಪ್ರಜಾಕ್.

ಒಟ್ಟೊ ಲಿಂಡ್‌ಕ್ವಿಸ್ಟ್ ತನ್ನ ಕಾರ್ಯಾಗಾರದಲ್ಲಿ ಪೆಟ್ಟಿಗೆಯ ಒಳಮೈಗೆ ಮೆತ್ತನೆಯ ಬಟ್ಟೆ ಅಂಟಿಸುತ್ತಿದ್ದ. ಕಿಟಕಿಯಲ್ಲಿ ದೋಣಿಗೆ ಬಳಿಯುವ ಹಳದಿ ಬಣ್ಣದ ಡಬ್ಬಿಯೂ ಸಣ್ಣ ಕುಂಚವೂ ಇದ್ದವು. ಟೆಡೆಸ್ಕೊ ಎರಡನ್ನೂ ವಶಪಡಿಸಿಕೊಂಡ.

"ಬಂದೆಯಾ ಲಿಯೋ? ಟೈ ಕಟ್ಟಿಕೊಂಡು ಬಂದಿದೀಯ. ಅಂದ್ರೆ ಕಾಫಿಗಲ್ಲ."

"ನೀವೇ ಬಳಿದಿದ್ದಾ, ಮಿಸ್ಟರ್ ಲಿಂಡ್‌ಕ್ವಿಸ್ಟ್?"

"ಹೂಂ."

"ಆ ಹುಡುಗಿ ಯಾರು? ಮುಖ ಬರೀ ಒಂದು ಚುಕ್ಕೆ."

"ನನ್ನ ಇಂಗ್ರಿಡ್. ಎಡಚಿ. ಎಲ್ಲರೂ ಬಲಗೈ ಚಾಚಿದ್ರೆ ಇವಳು ಬಲಗೈಲಿ ಕಂಬ ಹಿಡಿದು ಎಡಗೈನ ಅಡ್ಡ ಚಾಚೋಳು. ಹಾಗೆ ಸವಾರಿ ಮಾಡಿದೋಳು ಇನ್ನೊಬ್ಬಳಿಲ್ಲ."

"ಉಂಗುರ ಯಾಕೆ?"

"ತುಂಬೋನು ಅಪ್ಪ, ಸಿಗೋದು ಮಗಳಿಗೆ ಅಂತ ಜನ ಆಡ್ಕೋಬಾರದಲ್ಲ. ಅವಳ ಕುದುರೆ ಕಂಡ್ರೆ ಕಬ್ಬಿಣದ್ದನ್ನೇ ಮುಂದಕ್ಕೆ ತಳ್ತಿದ್ದೆ. 'ಪಪ್ಪಾ, ನೀನು ಜಿಪುಣ' ಅಂತ ಕೂಗೋಳು. ಸೀಸನ್ನಿನ ಕೊನೇ ದಿನ ಕೊಡೋಣ ಅಂತಿದ್ದೆ. ಆಗಸ್ಟ್‌ನಲ್ಲೇ ಪೋಲಿಯೊ ಬಂತು." ಅವನು ಅಂಟಿನ ಕುಂಚವನ್ನು ಕೆಳಗಿಟ್ಟ. "ಉಸಿರಾಡಿಸೋ ಆ ಕಬ್ಬಿಣದ ಯಂತ್ರದೊಳಗೆ ಮಲಗಿಸಿದ್ರು. ತಲೆ ಮಾತ್ರ ಹೊರಗೆ. ಅಲ್ಲಿಂದ ಅವಳು ಎದ್ದು ಬರಲೇ ಇಲ್ಲ. ನಾನು ಹಿತ್ತಾಳೆದನ್ನ ಜೇಬಲ್ಲಿಟ್ಕೊಂಡು ಹೋಗಿದ್ದೆ, ಲಿಯೋ. ಯಾವ ಕೈಗೆ ಕೊಡ್ಲಿ?"

ಟೆಡೆಸ್ಕೊ ಬರೆಯುವುದನ್ನು ನಿಲ್ಲಿಸಿದ.

"ಗುರುವಾರ ಚಿತ್ರದ ಜೊತೆ ಅವಳೂ ಹೊರಟುಹೋಗ್ತಾಳೆ. ಖಾಲಿ ಕೈಲಿ ಕಳಿಸೋಕಾಗ್ಲಿಲ್ಲ," ಎಂದ ಲಿಂಡ್‌ಕ್ವಿಸ್ಟ್. "ಅದನ್ನ ಒರೆಸ್ತಾರಾ?"

ಕ್ಯಾಸ್ಪ್ರಜಾಕ್ ಸಾರ್ವಜನಿಕ ಸ್ವತ್ತಿಗೆ ಹಾನಿ ಮಾಡಿದ ಆರೋಪವನ್ನು ಓದಿ ಹೇಳಿದ. ಕೈಕೋಳ ಹಾಕಲಿಲ್ಲ. ಲಿಂಡ್‌ಕ್ವಿಸ್ಟ್ ಪೆಟ್ಟಿಗೆಯ ಕೊನೆಯ ಮೂಲೆಗೆ ಬಟ್ಟೆ ಅಂಟಿಸಿ ಮುಗಿಸುವವರೆಗೆ ಇಬ್ಬರೂ ಕಾದರು ಎಂದು ಆ ತೀರದವರು ಹೇಳುತ್ತಾರೆ. ದಾಖಲೆಯಲ್ಲಿ ಅದಿಲ್ಲ.

ಕಲಾವಿದ ಬರೆದದ್ದಷ್ಟೇ ಚಿತ್ರ, ಆಮೇಲೆ ಸೇರಿದ್ದೆಲ್ಲ ಕೊಳೆ ಎಂದು ವಸ್ತುಸಂಗ್ರಹಾಲಯದವರು ತಿಳಿಸಿದ್ದರು. ಬುಧವಾರ ಅಲ್ಲಿಂದ ಬಂದ ತಜ್ಞೆ ಹತ್ತಿಯನ್ನು ದ್ರಾವಣದಲ್ಲಿ ಅದ್ದಿ ಮೆಲ್ಲಗೆ ಒರೆಸಿದಳು. ಹಸಿಯಾಗಿಯೇ ಇದ್ದ ಬಣ್ಣ ಸುಲಭವಾಗಿ ಬಂತು. ಹುಡುಗಿಯ ಕೈ ಮತ್ತೆ ಬರಿದಾಯಿತು. ಅದರ ಮುಂದೆ, ಮರದ ತೋಳಿನ ತುದಿಯಲ್ಲಿ, ಕಲಾವಿದ ಬರೆದ ಬೂದು ಬಣ್ಣದ ಕಬ್ಬಿಣದ ಉಂಗುರ. ಕ್ಯಾಸ್ಪ್ರಜಾಕ್ ಹಳದಿಯಾದ ಹತ್ತಿಯನ್ನು ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಸಾಕ್ಷಿಯೆಂದು ಸಹಿ ಮಾಡಿದ.

ಸಂಜೆ ಅವನು ಲಾಕಪ್ಪಿನ ಮುಂದೆ ನಿಂತ.

"ಒರೆಸಿದ್ರಾ?"

"ಒರೆಸಿದ್ರು."

ಲಿಂಡ್‌ಕ್ವಿಸ್ಟ್ ತಲೆಯಾಡಿಸಿದ. "ಇರಲಿ. ಹಿತ್ತಾಳೆದು ಯಾರಿಗೆ ಸಿಕ್ಕಿದ್ರೂ ಹಿಂದಕ್ಕೆ ಕೊಡ್ಲೇಬೇಕು, ಅದೇ ನಿಯಮ." ಉಂಗುರದ ಕಚ್ಚು ತಡಕುತ್ತಿದ್ದ ತನ್ನ ಹೆಬ್ಬೆರಳನ್ನು ನೋಡಿಕೊಂಡ. "ಆದ್ರೆ ಲಿಯೋ, ಅವಳು ಆ ಬಿಟ್ಟಿ ಸುತ್ತು ಇನ್ನೂ ಸುತ್ತಿರ್ಲಿಲ್ಲ."