ಅರಿಶಿಣ ಕೊಂಬು ಕೇಳದವಳು

"ತಾಳಿ ತೆಗೀರಿ. ಲೋಹ ಒಳಗ ನಡೆಯಂಗಿಲ್ಲ."

ತಲೆ ಎತ್ತದೆಯೇ ಹೇಳಿದ ಶಾಂತಕುಮಾರ. ಸ್ನೇಹಲತಾ ಬಾಗಿಲಲ್ಲೇ ನಿಂತುಬಿಟ್ಟಳು. ಇಡೀ ಹೈದರಾಬಾದಿನಲ್ಲಿ ಎಂಆರ್‌ಐ ಮಾಡುವವನು ಇವನೊಬ್ಬನೇ ಸಿಗಬೇಕಿತ್ತೇ!

ಅಮೀರ್‌ಪೇಟ್‌ನಲ್ಲಿ ಅವಳದು ಜೋಳದ ರೊಟ್ಟಿ ಮೆಸ್ಸು. ರೊಟ್ಟಿ ಬಡಿದು ಬಡಿದು ಬಲ ಮೊಣಕೈಯಲ್ಲಿ ಜೀವ ಹಿಂಡುವ ನೋವು. 'ಟೆನಿಸ್ ಎಲ್ಬೋ ಇರಬಹುದು, ಸ್ನಾಯು ಹರಿದಿದೆಯೋ ನೋಡೋಣ' ಅಂದಿದ್ದರು ಡಾಕ್ಟರು. ಟೆನಿಸ್ ಬ್ಯಾಟನ್ನು ಅವಳು ಮುಟ್ಟಿಯೂ ಇರಲಿಲ್ಲ ಪಾಪ!

ಕಲಬುರಗಿಯ ಶಾಂತಕುಮಾರ ಅದೇ ಮೆಸ್ಸಿನ ಗಿರಾಕಿ. ಮೊದಲೆಲ್ಲ ನಕ್ಕು ಮಾತಾಡುತ್ತಿದ್ದವನು, ಆರು ತಿಂಗಳ ಹಿಂದೆ ಅವಳ ಕೊರಳಲ್ಲಿ ತಾಳಿ ಕಂಡ ದಿನದಿಂದ ತಟ್ಟೆ ಬಿಟ್ಟು ಮೇಲೆ ನೋಡಿರಲಿಲ್ಲ. ಆ ಒಂದು ನೋಟಕ್ಕೆ ಅವಳೆಷ್ಟು ಹಂಬಲಿಸಿದ್ದಳು...

'ಇವತ್ತು ಹೇಳಿಯೇಬಿಡಬೇಕು!'

ಸರಕ್ಕನೆ ತಾಳಿ ತೆಗೆದು ಟ್ರೇಗೆ ಹಾಕಿದಳು.

ಅವನ ಕೈ ಅಲ್ಲೇ ನಿಂತಿತು. ಕೈಯಲ್ಲಿ ದಾರ ಕಟ್ಟಿದ ಅರಿಶಿಣ ಕೊಂಬು. ಸ್ಕ್ಯಾನಿಗೆ ಬರುವ ಮುತ್ತೈದೆಯರು ಅದನ್ನು ಕಟ್ಟಿಕೊಳ್ಳದೆ ತಾಳಿ ಬಿಚ್ಚುವುದಿಲ್ಲವೆಂದು ಅವನೇ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದ.

"ಕೊಂಬು ಬ್ಯಾಡೇನ್ರಿ?" ಎಂದವನ ಮುಖ ಬಾಡಿತು. "ನಿಮ್ಮ ಮನಿಯವರಿಗೆ... ಏನಾತ್ರಿ?"

"ಇದ್ದರ ಅಲ್ಲೇನ್ರಿ ಆಗೋದು!" ಎಂದಳು ಸ್ನೇಹಲತಾ. "ಊಟಕ್ಕ ಬಂದೋರೆಲ್ಲಾ ಸಂಬಂಧ ಹೇಳಾಕತ್ತಿದ್ರು. ಕಾಟ ತಪ್ಪಲಿ ಅಂತ ನಾನ ಹಾಕ್ಕೊಂಡೆ. ತಪ್ಪಬಾರದವರೂ ತಪ್ಪಿದ್ರು."

ಅವನು ಕೊಂಬನ್ನು ಮತ್ತೆ ಡ್ರಾಯರಿಗೆ ಹಾಕಿದ. "ಮಲಕೋರಿ," ಎಂದಷ್ಟೇ ಹೇಳಿದ.

ಬೋರಲಾಗಿ ಮಲಗಿ, ಕೈಯನ್ನು ತಲೆಯ ಮುಂದಕ್ಕೆ ಚಾಚಿ ಇಪ್ಪತ್ತು ನಿಮಿಷ ಅಲುಗಾಡದೆ ಇದ್ದಳು. ಮಿಷಿನ್ನಿನ ಗಡಗಡ ಸದ್ದಿಗಿಂತ ಎದೆಯ ಸದ್ದೇ ಜೋರು! 'ಸುಳ್ಳುಗಾತಿ ಅಂತ ದೂರವಾದರೆ? ಆಗಲಿ. ನಿಜ ಹೇಳಿದ್ದಾಯಿತಲ್ಲ.'

ಹೊರಬಂದವಳೇ ಕೇಳಿದಳು, "ಏನು ಕಾಣಿಸ್ತು?"

"ರಿಪೋರ್ಟ್ ಡಾಕ್ಟರ್ ಹೇಳ್ತಾರ್ರಿ."

"ನಾ ಮೊಣಕೈದು ಕೇಳಲಿಲ್ಲ."

ಅವನು ತಲೆ ಎತ್ತಿದ. ಕಣ್ಣು ತುಂಬಿತ್ತು.

"ಆರು ತಿಂಗಳಾತು, ನಿಮ್ಮ ರೊಟ್ಟಿ ಗಂಟಲದಾಗ ಇಳಿಯಾಕತ್ತಿಲ್ಲ. ಆದ್ರೂ ದಿನಾ ಬಂದೀನಿ. ಭಾಳ ಪ್ರೀತಿ ಐತ್ರಿ ನಿಮ್ಮ ಮ್ಯಾಲೆ. ನನ್ನ ಮದುವಿ ಆಗ್ತೀರೇನು? ಅವಸರ ಇಲ್ಲ... ಮೊದಲ ನಿಮ್ಮ ಕೈ ಆರಾಮಾಗ್ಲಿ."

"ನೋವು ನನ್ನ ಕೈಗೆ. ತಾಳಿ ಕಟ್ಟಾವ್ರು ನೀವಲ್ಲೇನು?"

ಅವನು ನಕ್ಕುಬಿಟ್ಟ. "ಹಂಗಾದ್ರ ನಮ್ಮವ್ವಗ ಶ್ರಾವಣದಾಗ ಮದುವಿ ಅಂತ ಹೇಳ್ಲೇನು?"

"ಹೇಳ್ರಿ," ಎಂದಳು ಸ್ನೇಹಲತಾ. "ಮೊದಲನೇ ಮುಹೂರ್ತ ಅಂತನೂ ಹೇಳ್ರಿ."