ಛತ್ರದ ಕವಿಯ ನಾಲ್ಕನೇ ಸಾಲು

ಕೇಳಿದ್ದನ್ನಷ್ಟೇ ಬರೆಯುತ್ತೇನೆ. ಅಕ್ಕ, ನಾನು ಆಡುತ್ತಿದ್ದ ರಾಜ, ರಾಕ್ಷಸರ ವಿಡಿಯೋ ಗೇಮಿನ ಮೊದಲ ಭಾಗದಲ್ಲಿ ಯಾರಿಗೂ ದನಿ ಇರಲಿಲ್ಲ. ಅದರೊಳಗಿನ ಛತ್ರದ ಮುದುಕ ಕವಿಯ ನಾಲ್ಕು ಸಾಲಿನ ಪದ್ಯ ಪರದೆಯ ಮೇಲೆ ಬರೀ ಅಕ್ಷರವಾಗಿ ಮೂಡುತ್ತಿತ್ತು. ನಮ್ಮ ಹಿಂದೆ ಬೆತ್ತದ ಕುರ್ಚಿಯಲ್ಲಿ ಕೂತ ಅಪ್ಪ ಅದನ್ನು ದೇವರ ಮುಂದೆ ಓದುವಷ್ಟೇ ಶ್ರದ್ಧೆಯಿಂದ ರಾಗವಾಗಿ ಓದುತ್ತಿದ್ದರು. ಮೂರನೇ ಸಾಲಾದ ಮೇಲೆ ಎರಡು ಸಲ ಕೆಮ್ಮುವರು. ಪದ್ಯ ಮುಗಿಯುವ ತನಕ ಯಾರೂ ಮುಂದೆ ಹೋಗಲು ಬಟನ್ ಒತ್ತುವಂತಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಎರಡನೇ ಭಾಗ ಬಂತು. ಒಂದು ಮಧ್ಯಾಹ್ನ ಅಕ್ಕ, ನಾನು ಆಡಲು ಕೂತೆವು. ಕಾಡು, ಕೋಟೆ ಎಲ್ಲ ಮೊದಲಿಗಿಂತ ದೊಡ್ಡವು. ಕಾವಲುಗಾರನಿಗೂ ದನಿ.

"ಚೆಂದ ಏನೋ ಇದೆ ಕಣೋ, ಆದ್ರೆ ಎಲ್ರಿಗೂ ಬಾಯಿ ಜಾಸ್ತಿ," ಎಂದಳು ಅಕ್ಕ.

ಛತ್ರ ಹೊಕ್ಕೆವು. ಹಳೆಯ ಪದ್ಯವೇ ಕೇಳಿಸಿತು, ಅಪ್ಪನದೇ ರಾಗದಲ್ಲಿ. ಮೂರನೇ ಸಾಲು ಮುಗಿಯಿತು, ಎರಡು ಕೆಮ್ಮು. ದನಿ ಟಿವಿಯಿಂದಲ್ಲ, ನಮ್ಮ ಬೆನ್ನ ಹಿಂದಿನಿಂದ ಬರುತ್ತಿತ್ತು. ಹೆದರಿದ ಅಕ್ಕ ಬಟನ್ ಒತ್ತಿಬಿಟ್ಟಳು.

ದನಿ ನಿಂತಿತು. ಖಾಲಿ ಬೆತ್ತದ ಕುರ್ಚಿ, ಯಾರೋ ಎದ್ದು ಹೋದಂತೆ, ಕಿರುಗುಟ್ಟಿತು.

"ಮುಗಿಯೋಕೆ ಬಿಡ್ಬೇಕಿತ್ತು ಕಣೋ," ಎಂದು ಅಕ್ಕ ಅತ್ತಳು.

ಆಮೇಲೆ ಎಷ್ಟೋ ಸಲ ಆ ಛತ್ರಕ್ಕೆ ಹೋಗಿ, ಬಟನ್ ಮುಟ್ಟದೆ ಕಾದಿದ್ದೇವೆ. ಕವಿ ಅಲ್ಲೇ ಇದ್ದಾನೆ. ಆದರೆ ಎರಡನೇ ಭಾಗದಲ್ಲಿ ಅವನಿಗೆ ಪದ್ಯವನ್ನೇ ಕೊಟ್ಟಿಲ್ಲ.