ಮೂರನೇ ಪೆಟ್ಟಿಗೆಯ ಕೊಂಬೆ

ಶನಿವಾರ ಸಂಜೆ ನಾಲ್ಕಕ್ಕೆ ಕಾಡಿನ ಸಂಶೋಧನಾ ಕೇಂದ್ರದ ಗೋಪುರದ ಮೇಲಿಂದ ಓಯ್ಲಿ ರುವೊಕೊನೆನ್ ಕೂಗಿದ ಕೂಗಿಗೆ ಅರ್ಧ ಫಿನ್ಲೆಂಡಿನ ಹಕ್ಕಿಗಳು ಗಡಿ ದಾಟಿ ಹಾರಿಹೋದವು. ಮೂರನೇ ಪೆಟ್ಟಿಗೆಯ ಕೊಂಬೆಯನ್ನು ಯಾರೋ ಮುರಿದಿದ್ದರು.

ಪೆಟ್ಟಿಗೆ ಎಂದರೆ ಪೈನ್ ಮರದ ಜೀವಂತ ಕೊಂಬೆಗೆ ತೊಡಿಸಿದ ಗಾಜಿನ ಗೂಡು. ಮರ ಗಾಳಿಗೆ ಬಿಡುವ ಪರಿಮಳವನ್ನು ಒಂದು ಕೊಳವೆ ಅಲ್ಲಿಂದ ಕೆಳಗಿನ ಗುಡಿಸಲಿಗೆ ಎಳೆದು ತರುತ್ತಿತ್ತು. ಯಂತ್ರ ಅದನ್ನು ಅಳೆದು ಗೆರೆ ಬರೆಯುತ್ತಿತ್ತು. ಹನ್ನೆರಡು ವರ್ಷದಿಂದ ಓಯ್ಲಿ ಆ ಕೊಂಬೆಯನ್ನು ನೋಡಿಕೊಂಡಿದ್ದಳು. ಅದರ ಕಾಲು ಭಾಗ ಗಂಡನನ್ನು ನೋಡಿಕೊಂಡಿದ್ದರೂ ಅವನು ಬಿಟ್ಟುಹೋಗುತ್ತಿರಲಿಲ್ಲ ಎಂದು ಅವಳೇ ಹೇಳುತ್ತಿದ್ದಳು.

ಭಾನುವಾರ ಬೆಳಗ್ಗೆ ಪ್ರೊಫೆಸರ್ ಎಕ್ರೂಸ್ ಊಟದ ಮನೆಯಲ್ಲಿ ಯಂತ್ರದ ಹಾಳೆಯೊಂದನ್ನು ಹರಡಿದರು. ಗಾಯಗೊಂಡ ಮರ ಒಮ್ಮೆಲೇ ವಿಪರೀತ ಪರಿಮಳ ಬಿಡುತ್ತದೆ. ಶನಿವಾರ ಹತ್ತು ನಲವತ್ತಕ್ಕೆ ಗೆರೆ ನೆಟ್ಟಗೆ ಆಕಾಶಕ್ಕೆ ನೆಗೆದಿತ್ತು. ಗೋಪುರದ ಹಾಜರಿ ಪುಸ್ತಕದಲ್ಲಿ ಆ ಹೊತ್ತಿಗೆ ಒಂದೇ ಹೆಸರು: ಓಯ್ಲಿ, ಹತ್ತು ಹದಿನೈದಕ್ಕೆ ಹತ್ತಿದ್ದು, ಹತ್ತು ಐವತ್ತೈದಕ್ಕೆ ಇಳಿದದ್ದು.

"ಯಂತ್ರ ವರ್ಷವಿಡೀ ಚಳಿಗಾಲದ ಗಡಿಯಾರದಲ್ಲೇ ಓಡುತ್ತೆ," ಎಂದಳು ಓಯ್ಲಿ. "ಬೇಸಿಗೆಗೆ ಅಂತ ಮುಂದಕ್ಕಿಟ್ಟ ನಮ್ಮ ಕೈಗಡಿಯಾರಕ್ಕಿಂತ ಒಂದು ಗಂಟೆ ಹಿಂದೆ."

"ಅದು ನನಗೆ ಗೊತ್ತಿಲ್ವೇನಮ್ಮಾ? ಗಂಟೆ ಕೂಡಿಸಿಯೇ ತಂದಿದೀನಿ." ಹಾಳೆಯ ತಲೆಯಲ್ಲಿ ಅವರ ದುಂಡು ಅಕ್ಷರ: ಬೇಸಿಗೆ ಗಡಿಯಾರಕ್ಕೆ ತಿದ್ದಿದೆ. "ಇಷ್ಟು ಒರಟು ಕೈ. ಇವಳ ಹನ್ನೆರಡು ವರ್ಷದ ಅಳತೆಯನ್ನೂ ಇನ್ನು ನಂಬೋದು ಹೇಗೆ?"

ನಿರ್ದೇಶಕಿ ಮಾರ್ಕೆತ್ತಾ ಸೊಲಿನ್ ಆ ವಸಂತದಲ್ಲಷ್ಟೇ ನಗರದಿಂದ ಬಂದಿದ್ದವಳು. ಹನ್ನೆರಡರ ಬಸ್ಸಿಗೆ ಹೊರಡು ಎಂದು ಓಯ್ಲಿಗೆ ಹೇಳಿದಳು.

ಅಡುಗೆಮನೆಯಲ್ಲಿ ಹೆಲ್ವಿ ಮುಸ್ತಾಯೊಕಿ ಇದನ್ನೆಲ್ಲ ಕೇಳಿಸಿಕೊಂಡಳು. ಮೂವತ್ತು ವರ್ಷದಿಂದ ಆ ಕೇಂದ್ರದ ಅಡುಗೆ, ಸೌನಾ ಎಂಬ ಉಗಿಸ್ನಾನದ ಮನೆಯ ಒಲೆ, ಪತ್ತೇದಾರಿಕೆ ಮೂರೂ ಅವಳದ್ದೇ. ಅವಳಿಗೆ ಬಂದ ಸಿಟ್ಟಿಗೆ ಒಲೆ ಹಚ್ಚದೆ ಕಾಫಿ ಕುದಿಯಿತು. ಇದನ್ನು ಕಣ್ಣಾರೆ ಕಂಡವನು ಸೌದೆ ಒಡೆಯುವ ಇಲ್ಮರಿ ಕಂಗಸ್‌ಹರ್ಯು. ಅವಳ ಎಲ್ಲ ಪ್ರಕರಣಗಳಲ್ಲೂ ಅರ್ಧ ಬುದ್ಧಿ ಅವನದು. ಆ ವಿಷಯ ಅವನೊಬ್ಬನಿಗೇ ಗೊತ್ತು.

"ಇಲ್ಮರಿ, ನಿನ್ನೆ ನನ್ನ ಬೆಣ್ಣೆಗೆ ಕೈ ಹಾಕಿದ್ದು ನೀನೇನೋ?"

"ಓಯ್ಲಿ ಕೆಲಸ ಹೋಗ್ತಿದೆ, ನಿಂಗೆ ಬೆಣ್ಣೆ ಚಿಂತೆನಾ ಮಾರಾಯ್ತಿ?"

"ಕೇಳಿದ್ದಕ್ಕೆ ಉತ್ತರ ಹೇಳು. ಹನ್ನೊಂದಕ್ಕೆ ಹೊಸ ಬೆಣ್ಣೆ ಇಟ್ಟೆ. ಹನ್ನೆರಡೂವರೆಗೆ ನೋಡಿದ್ರೆ ನಾಲ್ಕು ಬೆರಳಿನ ಗೀರು. ಬೆಳ್ಳಗೆ, ಚೊಕ್ಕ."

"ಕೈಗೆ ಪೈನ್ ಅಂಟು ಹತ್ತಿದಾಗ ಕದೀತೀನಪ್ಪ, ಸುಳ್ಳು ಯಾಕೆ. ಆದ್ರೆ ನಿನ್ನೆ ನಾನು ಒಡೆದಿದ್ದು ಬರ್ಚ್ ಮರ, ಅದಕ್ಕೆ ಅಂಟಿಲ್ಲ."

ಹೆಲ್ವಿ ಏಪ್ರನ್ ಬಿಚ್ಚಿ ಗೋಡೆಗೆಸೆದಳು. ಅದು ಬೀಳಲಿಕ್ಕೂ ಹೆದರಿ ಮೊಳೆಗೆ ನೇತುಕೊಂಡಿತು.

"ಎಲ್ಲರನ್ನೂ ಕೂರಿಸು. ಕಾಫಿ ಕೊಡ್ಬೇಡ."

ಕಾಫಿ ಇಲ್ಲದೆ ಜನರನ್ನು ಕೂರಿಸುವುದೆಂದರೆ ಆ ಊರಲ್ಲಿ ಕಪಾಳಕ್ಕೆ ಹೊಡೆದ ಹಾಗೆ. ನಿರ್ದೇಶಕಿ, ಎಕ್ರೂಸ್, ಮೆಕ್ಯಾನಿಕ್ ಪೆರ್ತ್ತಿ, ಸೂಟ್‌ಕೇಸ್ ಹಿಡಿದ ಓಯ್ಲಿ, ಎಲ್ಲರೂ ಖಾಲಿ ಮೇಜಿನ ಸುತ್ತ ಕುಳಿತರು. ಹೆಲ್ವಿ ಹಾಳೆಯ ಮೇಲೆ ಬೆರಳಿಟ್ಟಳು.

"ಕೆಳಗೆ ಈ ಸಣ್ಣ ಗೆರೆ ಯಾವುದು, ಓಯ್ಲಿ?"

"ಹೊಗೆಯದು. ಶನಿವಾರ ಶನಿವಾರ ನಿನ್ನ ಸೌನಾ ಹೊಗೆ ಬಂದು ನನ್ನ ಗಾಳಿ ಹಾಳು ಮಾಡುತ್ತಲ್ಲ, ಅದು. ಎಷ್ಟು ಸಲ ಜಗಳ ಆಡಿದೀನಿ ನಿನ್ನ ಹತ್ರ."

"ನಾನು ಸೌನಾ ಹಚ್ಚೋದು ಎಷ್ಟು ಗಂಟೆಗೆ?"

"ಮೂರಕ್ಕೆ," ಎಂದ ಪೆರ್ತ್ತಿ. "ನಿಮ್ಮ ಚಿಮಣಿ ನೋಡಿ ನಾನು ಗಡಿಯಾರ ತಿದ್ಕೋತೀನಿ."

"ಇಲ್ಲಿ ಹೊಗೆ ಎರಡಕ್ಕೇ ಎದ್ದಿದೆ." ಹೆಲ್ವಿಯ ದನಿ ತಣ್ಣಗಿತ್ತು. "ಮೂವತ್ತು ವರ್ಷದಲ್ಲಿ ನನ್ನ ಸೌನಾ ಎರಡಕ್ಕೆ ಹೊತ್ತಿಲ್ಲ, ಪ್ರೊಫೆಸರ್ರೇ. ತಿದ್ದಿದೆ ಅಂತ ಬರೆದ್ರಿ, ತಿದ್ದಲಿಲ್ಲ. ಇದು ಯಂತ್ರದ್ದೇ ಗಂಟೆ. ಅಂದ್ರೆ ಕೊಂಬೆ ಮುರಿದಿದ್ದು ನಮ್ಮ ಗಡಿಯಾರದ ಹನ್ನೊಂದು ನಲವತ್ತಕ್ಕೆ. ಆಗ ಓಯ್ಲಿ ಇದೇ ಕುರ್ಚಿಯಲ್ಲಿ ಕೂತು ಬಟಾಣಿ ಸೂಪ್ ಕುಡೀತಿದ್ಲು. ಬಡಿಸಿದ್ದು ನಾನು."

ನಿರ್ದೇಶಕಿ ಹಾಳೆಯನ್ನು ತನ್ನತ್ತ ಎಳೆದುಕೊಂಡಳು.

"ಊಟಕ್ಕೆ ತಡವಾಗಿ ಬಂದವರು ಇಬ್ಬರು," ಎಂದಳು ಹೆಲ್ವಿ. "ಪೆರ್ತ್ತಿ ಮತ್ತು ನೀವು, ಪ್ರೊಫೆಸರ್ರೇ. ಇಬ್ಬರೂ ಹನ್ನೆರಡು ದಾಟಿದ ಮೇಲೆ. ಪೈನ್ ಕೊಂಬೆ ಮುರಿದವನ ಕೈಗೆ ಅಂಟು ಹತ್ತುತ್ತೆ. ಸೋಪಿಗೆ ಅದು ಜಪ್ಪಯ್ಯ ಅನ್ನಲ್ಲ, ಬೆಣ್ಣೆಗೆ ಬಿಡುತ್ತೆ. ಪೆರ್ತ್ತಿ, ನಿನ್ನೆ ಏನು ಮಾಡ್ತಿದ್ದೆ?"

"ಜನರೇಟರ್ ಬಿಚ್ಚಿದ್ದೆ." ಅವನು ಅಂಗೈ ತೋರಿಸಿದ. ನಿನ್ನೆಯ ಕರಿ ಎಣ್ಣೆ ಇನ್ನೂ ಗೆರೆಗೆರೆಯಲ್ಲಿತ್ತು.

"ಇವನು ಬೆಣ್ಣೆಗೆ ಕೈ ಹಾಕಿದ್ರೆ ಬೆಣ್ಣೆ ಡಾಂಬರಾಗಿರೋದು. ಗೀರು ಬೆಳ್ಳಗಿತ್ತು. ಉಳಿದವರು ಯಾರು? ಡಾಕ್ಟರು ಬೆಣ್ಣೆ ಬಿಡಿಸಿದಾರೆ ಅಂತ ದಿನಾ ನಮಗೆಲ್ಲ ಉಪದೇಶ ಮಾಡೋರು."

"ಬೆಣ್ಣೆ, ಹೊಗೆ," ಎಂದು ಎಕ್ರೂಸ್ ನಕ್ಕರು. "ಅಡಿಗೆಯವರ ವಿಜ್ಞಾನ. ನಾನ್ಯಾಕೆ ಮುರೀಲಿ?"

ಉತ್ತರ ಕೊಟ್ಟವಳು ಓಯ್ಲಿ. ಅವಳು ಎದ್ದು ನಿಂತಿದ್ದಳು. "ಹವೆಯ ಬಿಸಿ ಏರುತ್ತಾ ಬಂದರೂ ಈ ಕಾಡಿನ ಪರಿಮಳ ಹೆಚ್ಚಿಲ್ಲ ಅಂತ ನೀವು ಊರೆಲ್ಲ ಹೇಳಿಕೊಂಡು ಬಂದ್ರಿ. ನನ್ನ ಮೂರನೇ ಪೆಟ್ಟಿಗೆ ವರ್ಷ ವರ್ಷ ಹೆಚ್ಚಿದೆ ಅಂತ ತೋರಿಸ್ತು. ಅದನ್ನ ಬಿಟ್ಟುಬಿಡು ಅಂದ್ರಿ, ಬಿಡಲಿಲ್ಲ ನಾನು. ನನ್ನ ಕೈ ಒರಟು ಅಂತಾದ್ರೆ ನನ್ನ ಅಳತೆಯೂ ಕಸಕ್ಕೆ ಹೋಗುತ್ತಲ್ಲ."

"ಯಂತ್ರದ ಗುಡಿಸಲಿನ ಕೀಲಿ ನಿನ್ನೆಯಿಂದ ಪ್ರೊಫೆಸರ್ ಜೇಬಲ್ಲೇ ಇದೆ, ಬೇರೆ ಯಾರಿಗೂ ಒಳಗೆ ನೋಡೋಕೆ ಆಗಿಲ್ಲ," ಎಂದ ಇಲ್ಮರಿ. ಇಡೀ ಪ್ರಕರಣ ತಿರುಗಿದ್ದು ಈ ಮಾತಿನಿಂದಲೇ ಎಂದು ಅವನು ಇಂದಿಗೂ ನಂಬಿದ್ದಾನೆ.

ನಿರ್ದೇಶಕಿ ಕೈ ಚಾಚಿದಳು. "ಕೊಡಿ."

ಎಕ್ರೂಸ್ ಕೀಲಿಯನ್ನು ಮೇಜಿನ ಮೇಲಿಟ್ಟರು. ಸೊಲಿನ್ ಒಬ್ಬಳೇ ಗುಡಿಸಲಿಗೆ ಹೋಗಿ ಬಂದಳು. ಯಂತ್ರದೊಳಗೆ, ಯಾರೂ ಮುಟ್ಟದ ದಾಖಲೆಯಲ್ಲಿ, ಅದರ ಸ್ವಂತ ಗಡಿಯಾರದ ಪ್ರಕಾರ ಹತ್ತು ನಲವತ್ತು ಎಂದೇ ಇತ್ತು. ಹಾಳೆಗೆ ಒಂದು ನಿಮಿಷವನ್ನೂ ಕೂಡಿಸಿರಲಿಲ್ಲ.

"ಹನ್ನೆರಡರ ಬಸ್ಸಿಗೆ ನೀವು ಹೊರಡಿ, ಎಕ್ರೂಸ್. ನಡೆದದ್ದನ್ನೆಲ್ಲ ಇವತ್ತೇ ಬರೆದು ವಿಶ್ವವಿದ್ಯಾಲಯಕ್ಕೆ ಕಳಿಸ್ತೀನಿ." ಆಮೇಲೆ ಓಯ್ಲಿಯ ಕಡೆ ತಿರುಗಿದಳು. "ತಪ್ಪು ನನ್ನದೂ ಇದೆ."

"ಹೌದು, ಇದೆ," ಎಂದಳು ಓಯ್ಲಿ.

ಹೆಲ್ವಿ ಆಗ ಕಾಫಿ ತಂದಳು, ತನ್ನದೂ ಇಲ್ಮರಿಯದೂ ಸೇರಿ ಐದೇ ಲೋಟ. ಎಕ್ರೂಸ್ ಎದುರಿನ ಜಾಗ ಖಾಲಿ ಉಳಿಯಿತು.

ಬಸ್ಸು ಹೋದ ಮೇಲೆ ಓಯ್ಲಿ ಗೋಪುರ ಹತ್ತಿ, ಒಣಗತೊಡಗಿದ್ದ ಕೊಂಬೆಯನ್ನು ಬಿಡಿಸಿ, ಪಕ್ಕದ ಕೊಂಬೆಗೆ ಗಾಜಿನ ಗೂಡು ತೊಡಿಸಿದಳು. ಹನ್ನೆರಡು ವರ್ಷದ ಗೆರೆ ಅಲ್ಲಿಗೆ ತುಂಡಾಗಿತ್ತು; ಅದನ್ನು ಜೋಡಿಸುವ ಪತ್ತೇದಾರಿಕೆ ಹೆಲ್ವಿಯ ಬಳಿಯೂ ಇರಲಿಲ್ಲ. ಇಳಿದು ಬಂದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಬೆಣ್ಣೆಗೆ ನಾಲ್ಕು ಬೆರಳು ಹಾಕಿದಳು. ಹೆಲ್ವಿ ಬೈಯಲಿಲ್ಲ.

"ಮುಂದಿನ ಶನಿವಾರ ಸೌನಾ ಹಚ್ಚು," ಎಂದಳು ಓಯ್ಲಿ ಅಂಗೈ ಉಜ್ಜುತ್ತ. "ಸರಿಯಾಗಿ ಮೂರಕ್ಕೆ. ಒಂದು ನಿಮಿಷ ಆಚೀಚೆ ಆದ್ರೆ ಜಗಳ ಆಡ್ತೀನಿ."